ಚಪ್ಪಾಳೆ ತಟ್ಟಬೇಕಾ ಬೇಡವಾ: ನಮ್ಮೊಳಗಿನ ಜಗಳಗಳ ಬಗ್ಗೆ

ನಿಧಾನವಾಗಿ_ಓದುವವಳು:

ಇದನ್ನು ಬರೆಯೋಕೆ ಹನ್ನೊಂದು ದಿನ ಹಿಡಿಯಿತು. ಉದ್ದ ಇದೆ. ಬಿಡುವಾದಾಗ ಓದಿ, ಇವತ್ತೇ ಉತ್ತರ ಕೊಡಬೇಕು ಅಂತೇನೂ ಇಲ್ಲ.

ನಾನು ಆಟಿಸ್ಟಿಕ್. ವಯಸ್ಸು 34. ಆಟಿಸಂಗೆ ಕನ್ನಡದಲ್ಲಿ ಹೇಳುವ ಸ್ವಲೀನತೆ ಅನ್ನೋ ಪದ ನನಗೆ ಒಗ್ಗಿಲ್ಲ. ನನ್ನೊಳಗೇ ನಾನು ಲೀನವಾಗಿದ್ದೇನೆ ಅನ್ನೋ ಅರ್ಥ ಬರುತ್ತೆ. ಹಾಗಿಲ್ಲ. ಹೊರಗಿನದು ನನಗೆ ಜಾಸ್ತಿಯೇ ಕೇಳಿಸುತ್ತೆ, ಜಾಸ್ತಿಯೇ ಕಾಣಿಸುತ್ತೆ, ಕಷ್ಟ ಇರೋದೇ ಅದರಲ್ಲಿ.

ನಮ್ಮ ಊರಿನಲ್ಲಿ ಅಂಗವಿಕಲರೇ ಸೇರಿ ನಡೆಸುವ ಒಂದು ಗುಂಪಿದೆ. ಕಣ್ಣು ಕಾಣದವರು, ಗಾಲಿಕುರ್ಚಿಯವರು, ಕಿವುಡರು, ನಮ್ಮಂಥವರು ಎಲ್ಲರೂ ಇದ್ದೆವು. ನಾನು ಮೂರು ವರ್ಷ ಇದ್ದೆ. ಈಗ ಇಲ್ಲ. ಆಚೆ ಬಂದದ್ದು ಚಪ್ಪಾಳೆಯ ವಿಷಯಕ್ಕೆ.

ಸಭೆಯಲ್ಲಿ ಯಾರಾದರೂ ಮಾತು ಮುಗಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಹಾಲ್ ಚಿಕ್ಕದು, ಮೇಲೆ ಶೀಟು. ಒಂದೊಂದು ಚಪ್ಪಾಳೆಯೂ ನನಗೆ ಕಿವಿ ಪಕ್ಕ ಪಟಾಕಿ ಹೊಡೆದ ಹಾಗೆ. ಕಿವುಡರು ಮಾಡುವ ಹಾಗೆ ಕೈ ಮೇಲೆತ್ತಿ ಆಡಿಸೋಣ್ವಾ ಅಂತ ನಾನೇ ಕೇಳಿದೆ. ಒಪ್ಪಿದರು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಮೂರನೇ ಸಭೆಯಲ್ಲಿ ಕಣ್ಣು ಕಾಣದ ಒಬ್ಬ ಅಣ್ಣ ಎದ್ದು ನಿಂತರು. "ನಾನು ಹತ್ತು ನಿಮಿಷ ಮಾತಾಡಿ ಕೂತೆ. ಆಮೇಲೆ ಒಂದು ಸದ್ದೂ ಇಲ್ಲ. ನೀವೆಲ್ಲ ಕೈ ಆಡಿಸಿದಿರೋ, ಎದ್ದು ಹೋದಿರೋ, ನನಗೆ ಹೇಗೆ ಗೊತ್ತಾಗಬೇಕು?" ಅಂದರು.

ಅವರು ಹೇಳಿದ್ದು ನಿಜ. ನನಗೆ ಅದು ಹೊಳೆದೇ ಇರಲಿಲ್ಲ. ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾವ ಕಡೆ ತಿರುಗಿ ಹೇಳಬೇಕು ಅಂತ ಗೊತ್ತಾಗದೆ ಎರಡೂ ಕಡೆ ತಿರುಗುತ್ತಿದ್ದರು.

ಅಷ್ಟರಲ್ಲಿ ಒಬ್ಬರು "ಸರಿ, ವೋಟಿಗೆ ಹಾಕೋಣ" ಅಂದರು. ಪ್ಲಾಸ್ಟಿಕ್ ಕುರ್ಚಿಗಳು ನೆಲಕ್ಕೆ ಉಜ್ಜುವ ಸದ್ದು, ಮೇಲೆ ಒಂದು ಫ್ಯಾನು ಟಿಕ್ ಟಿಕ್ ಅಂತಿದೆ, ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ನನಗೆ ಮಾತು ನಿಂತುಹೋಗುತ್ತೆ. ಏನು ಹೇಳಬೇಕು ಅಂತ ಗೊತ್ತಿರುತ್ತೆ, ಬಾಯಿಗೆ ಬರಲ್ಲ. ಐದು ನಿಮಿಷದಲ್ಲಿ ತೀರ್ಮಾನ ಆಯಿತು, ಇನ್ನು ಮೇಲೆ ಮತ್ತೆ ಚಪ್ಪಾಳೆ ಅಂತ. ನಾನು ಸುಮ್ಮನಿದ್ದದ್ದನ್ನು ಒಪ್ಪಿಗೆ ಅಂತ ಪುಸ್ತಕದಲ್ಲಿ ಬರೆದುಕೊಂಡರು. ಮೂರು ದಿನ ಬಿಟ್ಟು ವಾಟ್ಸಾಪ್ ಗುಂಪಿಗೆ ಉದ್ದದ ಮೆಸೇಜ್ ಹಾಕಿದೆ, ಆ ಅಣ್ಣನಿಗೂ ಆಗಬೇಕು ನನಗೂ ಆಗಬೇಕು, ಅಂಥ ದಾರಿ ಹುಡುಕೋಣ ಅಂತ. "ಸಭೆಯಲ್ಲಿ ಬಾಯಿ ಬಿಡದೆ ಈಗ ಯಾಕೆ ಕೆದಕುತ್ತೀರಿ" ಅಂತ ಮೊದಲ ಉತ್ತರ. "ಇದು ಗುಂಪು ಒಡೆಯೋ ಕೆಲಸ" ಅಂತ ಎರಡನೇದು. ರಾತ್ರಿ ಒಂಬತ್ತೂವರೆಗೆ ನನ್ನನ್ನು ಗುಂಪಿನಿಂದ ತೆಗೆದರು.

ಮನೆಯಲ್ಲಿ ಕೇಳಿದ್ದು ಒಂದೇ ಮಾತು. ನಿಮ್ಮ ನಿಮ್ಮಲ್ಲೇ ಯಾಕೆ ಕಿತ್ತಾಡುತ್ತೀರಿ, ಎಲ್ಲರದ್ದೂ ಒಂದೇ ಕಷ್ಟ ಅಲ್ವಾ? ಒಂದೇ ಅಲ್ಲ. ಅವರಿಗೆ ಸದ್ದು ಬೇಕು, ನನಗೆ ಸದ್ದು ಆಗಲ್ಲ. ಇಬ್ಬರದ್ದೂ ತಪ್ಪಿಲ್ಲ. ಜಗಳ ಆದದ್ದಕ್ಕೆ ನನಗೆ ಬೇಜಾರಿಲ್ಲ, ಐದು ನಿಮಿಷದಲ್ಲಿ ಮುಗಿಸಿದ್ದಕ್ಕೆ ಬೇಜಾರು. ಒಂದೇ ಸಲ ಕೂತು ತೀರ್ಮಾನ ಮಾಡಿದರೆ ಗೆಲ್ಲುವುದು ಚುರುಕಾಗಿ ಮಾತಾಡುವವರು. ಶಾಲೆಯಲ್ಲೂ ಹಾಗೇ ಆಯಿತು, ಕೆಲಸದಲ್ಲೂ ಹಾಗೇ. ನಮ್ಮದೇ ಗುಂಪಿನಲ್ಲಾದರೂ ಬೇರೆ ಥರ ಇರಬೇಕಿತ್ತು.

ಆಮೇಲೆ ಹಳೆಯ ಚಳವಳಿಗಳ ಬಗ್ಗೆ ಓದುತ್ತಾ ಕೂತೆ. 1972ರಲ್ಲಿ ಇಂಗ್ಲೆಂಡಿನ ಪಾಲ್ ಹಂಟ್ ಗಾರ್ಡಿಯನ್ ಪತ್ರಿಕೆಗೆ ಒಂದು ಕಾಗದ ಬರೆದರು. ಅಂಗವಿಕಲರನ್ನು ಇಡುವ ಹೋಮ್‌ನಲ್ಲಿ ವರ್ಷಗಟ್ಟಲೆ ಇದ್ದವರು ಅವರು. ನಾವೇ ಸೇರಿ ಒಂದು ಸಂಘ ಕಟ್ಟೋಣ ಅಂತ ಕರೆದರು. ಅದರಿಂದ ಯೂಪಿಯಾಸ್ (UPIAS) ಅನ್ನೋ ಸಂಘ ಹುಟ್ಟಿತು. ಹೋಮ್‌ಗಳಲ್ಲಿ ಇದ್ದವರು ಬೇಕೆಂದಾಗ ಎದ್ದು ಸಭೆಗೆ ಬರೋ ಹಾಗಿರಲಿಲ್ಲ. ಅದಕ್ಕೆ ಸದಸ್ಯರ ನಡುವೆ ಮಾತ್ರ ಓಡಾಡುವ ಸುತ್ತೋಲೆಗಳಲ್ಲೇ ಚರ್ಚೆ ನಡೆಯುತ್ತಿತ್ತು. ಒಬ್ಬರು ಬರೆಯೋದು, ಇನ್ನೊಬ್ಬರು ಮುಂದಿನ ಸುತ್ತೋಲೆಯಲ್ಲಿ ಉತ್ತರ ಕೊಡೋದು. ತಮ್ಮ ನಿಲುವು ಏನು ಅಂತ ಒಪ್ಪಿ ಬರೆದು ಮುಗಿಸುವ ಹೊತ್ತಿಗೆ 1974ರ ಡಿಸೆಂಬರ್ ಬಂದಿತ್ತು.

1975ರ ನವೆಂಬರ್‌ನಲ್ಲಿ ಡಿಸೆಬಿಲಿಟಿ ಅಲೈಯನ್ಸ್ ಅನ್ನೋ ಒಕ್ಕೂಟದ ಜೊತೆ ಇವರದ್ದು ಮುಖಾಮುಖಿ ಆಯಿತು. ಅಂಗವಿಕಲರ ಬಡತನ ನೀಗಬೇಕು, ಅದಕ್ಕೆ ಸರ್ಕಾರ ಹಣ ಕೊಡಬೇಕು ಅಂತ ಅವರು. ಬಡತನ ಬರೀ ಲಕ್ಷಣ, ಮೂಲ ಇರೋದು ಸಮಾಜ ನಮ್ಮನ್ನು ಹೊರಗಿಟ್ಟಿರುವುದರಲ್ಲಿ ಅಂತ ಇವರು. ರಾಜಿ ಆಗಲಿಲ್ಲ. ಆದರೆ ಆ ಮಾತುಕತೆಯನ್ನು ಎರಡೂ ಕಡೆಯ ಟಿಪ್ಪಣಿ ಸಮೇತ 1976ರಲ್ಲಿ ಅಚ್ಚು ಹಾಕಿದರು. ದೇಹದ ಊನ ಬೇರೆ, ಸಮಾಜ ಒಡ್ಡುವ ಅಡ್ಡಿ ಬೇರೆ ಅಂತ ಇವತ್ತು ನಾವೆಲ್ಲ ಹೇಳುತ್ತೇವಲ್ಲ, ಅದರ ಬೇರು ಆ ಪುಸ್ತಿಕೆಯಲ್ಲಿದೆ. ಒಂದು ಜಗಳದ ವರದಿ ಅದು. ಓದಿ ನನಗೆ ಗಂಟಲು ಕಟ್ಟಿತು. ಜಗಳವನ್ನು ಮುಚ್ಚಿಡದೆ ಬರೆದಿಟ್ಟರು, ಅದಕ್ಕೇ ಉಳಿಯಿತು.

ಆಟಿಸ್ಟಿಕ್ ಜನರ ಚಳವಳಿಯೂ ಹಾಗೇ, ಕಾಗದ ಮತ್ತು ಸುದ್ದಿಪತ್ರದಿಂದ ಶುರು. 1992ರಲ್ಲಿ ಅಮೆರಿಕದ ಜಿಮ್ ಸಿಂಕ್ಲೇರ್ ಮತ್ತು ಗೆಳೆಯರು ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಕಟ್ಟಿದರು. 1996ರಿಂದ ಆಟ್ರೀಟ್ ಅನ್ನೋ ಶಿಬಿರ ನಡೆಸಿದರು. ಅಲ್ಲಿ ಎಲ್ಲರಿಗೂ ಬಣ್ಣದ ಬ್ಯಾಡ್ಜ್. ಕೆಂಪು ಹಾಕಿಕೊಂಡರೆ ಯಾರೂ ಮಾತಾಡಿಸಬೇಡಿ ಅಂತ. ಹಳದಿ ಅಂದರೆ ಪರಿಚಯ ಇದ್ದವರು ಮಾತ್ರ. ಹಸಿರು ಅಂದರೆ ಮಾತಾಡೋಕೆ ಆಸೆ ಇದೆ, ಶುರು ಮಾಡೋಕೆ ಬರಲ್ಲ, ನೀವೇ ಮಾತಾಡಿಸಿ ಅಂತ. ಹಸಿರಿನ ಅರ್ಥ ಓದಿದ ದಿನ ನಾನು ಅತ್ತಿದ್ದೆ. ನಾನು ಹುಟ್ಟಿದಾಗಿನಿಂದ ಹಸಿರು ಬ್ಯಾಡ್ಜ್‌ನವಳೇ, ಯಾರಿಗೂ ಕಂಡಿಲ್ಲ ಅಷ್ಟೆ.

ನಿಮ್ಮ ಗುಂಪುಗಳಲ್ಲಿ ಜಗಳ ಹೇಗೆ ನಡೆಯುತ್ತೆ? ತೀರ್ಮಾನಕ್ಕೆ ಎಷ್ಟು ಹೊತ್ತು ಕೊಡುತ್ತೀರಿ? ಅದು ತಿಳಿಯಬೇಕು ನನಗೆ.

ಬಿಳಿಕೋಲು:

ಸ್ಕ್ರೀನ್ ರೀಡರ್‌ನಲ್ಲಿ ಎರಡು ಸಲ ಕೇಳಿದೆ ತಂಗಿ. ಆ ಅಣ್ಣ ನಾನಲ್ಲ, ಆದರೆ ನಾನೂ ಆಗಬಹುದಿತ್ತು.

ಸದ್ದಿಲ್ಲದ ಕೋಣೆ ನಮಗೆ ಹೇಗಿರುತ್ತೆ ಅಂತ ಹೇಳುತ್ತೇನೆ. ನೀವು ಮಾತಾಡುತ್ತಿದ್ದೀರಿ, ಇದ್ದಕ್ಕಿದ್ದ ಹಾಗೆ ಎಲ್ಲರೂ ಮೊಬೈಲ್ ತೆಗೆದು ನೋಡುತ್ತಾ ಕೂತರೆ ಹೇಗೆ? ಹಾಗೆ. ನಮಗೆ ಬೇಕಾಗಿರೋದು ಚಪ್ಪಾಳೆಯೇ ಅಲ್ಲ, ಕೇಳಿಸಿಕೊಂಡರು ಅಂತ ಗೊತ್ತಾಗಬೇಕು ಅಷ್ಟೇ. ಪಕ್ಕದಲ್ಲಿ ಕೂತವರು ನನ್ನ ಅಂಗೈ ಮೇಲೆ ಎರಡು ಸಲ ತಟ್ಟಿ "ಎಲ್ಲರೂ ಕೈ ಆಡಿಸುತ್ತಿದ್ದಾರೆ" ಅಂದರೆ ಸಾಕು. ನಾನು ಓದಿದ ಹಾಸ್ಟೆಲ್‌ನಲ್ಲಿ ಸಿನಿಮಾ ನೋಡುವಾಗ ಸ್ವಲ್ಪ ಕಣ್ಣು ಕಾಣುವ ಹುಡುಗರು ಹೀಗೇ ಹೇಳುತ್ತಿದ್ದರು. ಇದನ್ನು ಕೇಳೋಕೆ ಐದು ನಿಮಿಷ ಸಾಲದು ಅನ್ನೋದು ನಿಜ. ಆದರೆ ಇಪ್ಪತ್ತು ನಿಮಿಷ ಸಾಕಿತ್ತು!

ಒಂದು ಮಾತು ಮಾತ್ರ ಒಪ್ಪಲ್ಲ. ಎಲ್ಲವನ್ನೂ ಬರವಣಿಗೆಗೆ ಹಾಕಿದರೆ ನಮ್ಮಲ್ಲಿ ತುಂಬಾ ಜನ ಹೊರಗೆ ಉಳಿಯುತ್ತಾರೆ. ಕನ್ನಡದ ಪಿಡಿಎಫ್ ಕಳಿಸುತ್ತಾರೆ, ಒಳಗೆ ನೋಡಿದರೆ ಬರೀ ಫೋಟೋ, ಸ್ಕ್ರೀನ್ ರೀಡರ್ ಒಂದು ಅಕ್ಷರ ಓದಲ್ಲ. ಬರೆದಿಟ್ಟರೆ ಎಲ್ಲರಿಗೂ ಸಿಕ್ಕಿತು ಅಂತಲ್ಲ.

ನಿಧಾನವಾಗಿ_ಓದುವವಳು:

ಹೌದು ಅಣ್ಣ. ನನಗೆ ಬರವಣಿಗೆ ಸುಲಭ ಅಂತ ಎಲ್ಲರಿಗೂ ಸುಲಭ ಅಂದುಕೊಂಡೆ. ಅವರು ಚಪ್ಪಾಳೆಯ ವಿಷಯದಲ್ಲಿ ಮಾಡಿದ್ದನ್ನೇ ನಾನು ಇಲ್ಲಿ ಮಾಡಿದೆ. ಟೈಪ್ ಮಾಡಿದ್ದು, ದನಿಯಲ್ಲಿ ಹೇಳಿದ್ದು, ಎರಡೂ ಇರಬೇಕು. ಅಂಗೈ ತಟ್ಟುವುದು ಚೆನ್ನಾಗಿದೆ. ಮುಟ್ಟಿದರೆ ಆಗದವರು ನಮ್ಮಲ್ಲಿ ಇದ್ದಾರೆ, ಅವರನ್ನು ನಿಮ್ಮ ಪಕ್ಕ ಕೂರಿಸದಿದ್ದರೆ ಆಯಿತು.

ಗಾಲಿಕುರ್ಚಿ_ಧಾರವಾಡ:

ನಾನು ಈ ಚಳವಳಿಯಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದೇನೆ, ಪೋಲಿಯೋ ಆದವನು. ನೀವು ಯೂಪಿಯಾಸ್ ಬಗ್ಗೆ ಬರೆದದ್ದು ಸರಿ, ಅರ್ಧ ಬಿಟ್ಟಿರಿ. ಅದು ದೇಹದ ಊನ ಇದ್ದವರ ಸಂಘ. ಹೆಸರಿನಲ್ಲೇ ಹಾಗಿತ್ತು. ನಿಮ್ಮಂಥವರಿಗೆ ಅಲ್ಲಿ ಜಾಗ ಇರಲಿಲ್ಲ. ಹೊರಗಿಟ್ಟರು ಅಂತ ಕೂಗಿದವರೇ ಇನ್ನೊಬ್ಬರನ್ನು ಹೊರಗಿಟ್ಟದ್ದು ನಮ್ಮ ಚರಿತ್ರೆಯಲ್ಲಿ ಮೊದಲಿನಿಂದ ಇದೆ. ನಾನೂ ಅದರಲ್ಲಿ ಪಾಲುದಾರ. ಬುದ್ಧಿಮಾಂದ್ಯರನ್ನು ಸಭೆಗೆ ಕರೆದರೆ ನಮ್ಮ ಮಾತಿಗೆ ತೂಕ ಇರಲ್ಲ ಅಂತ ಹಿಂದೆ ನಾನೇ ಹೇಳಿದ್ದೆ. "ನಮಗೆ ಕಾಲಿಲ್ಲ ಅಷ್ಟೆ, ತಲೆ ಸರಿ ಇದೆ" ಅಂತ ಭಾಷಣ ಬಿಗಿಯುತ್ತಿದ್ದೆ, ಚಪ್ಪಾಳೆ ಬೀಳುತ್ತಿತ್ತು. ಆ ಮಾತು ಯಾರ ಎದೆಗೆ ಹೊಡೆಯುತ್ತಿತ್ತು ಅಂತ ಯೋಚನೆ ಮಾಡಲಿಲ್ಲ. ಇವತ್ತು ನಾಚಿಕೆ ಆಗುತ್ತೆ.

ಆದರೆ ಬೇಗ ಸಿಡಿದೇಳಬೇಕಾದ ಜಗಳವೂ ಇರುತ್ತೆ. 1980ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ರಿಹ್ಯಾಬಿಲಿಟೇಶನ್ ಇಂಟರ್‌ನ್ಯಾಷನಲ್ ಸಮ್ಮೇಳನ ನಡೆಯಿತು. ಡಾಕ್ಟರುಗಳು, ಪುನರ್ವಸತಿ ತಜ್ಞರು ನಡೆಸುವ ಸಂಸ್ಥೆ ಅದು. ಪ್ರತಿ ದೇಶದ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಅಂಗವಿಕಲರೇ ಇರಲಿ ಅಂತ ಸ್ವೀಡನ್ನಿನವರು ಠರಾವು ತಂದರು. ಬಿದ್ದುಹೋಯಿತು. ಅಲ್ಲೇ ಇದ್ದ ಅಂಗವಿಕಲರು ಬೇರೆ ಸೇರಿ, ನಮ್ಮದೇ ಸಂಸ್ಥೆ ಮಾಡುತ್ತೇವೆ ಅಂತ ಹೊರಟರು. ಮರುವರ್ಷ ಸಿಂಗಪುರದಲ್ಲಿ ಡಿಸೇಬಲ್ಡ್ ಪೀಪಲ್ಸ್ ಇಂಟರ್‌ನ್ಯಾಷನಲ್ ಹುಟ್ಟಿತು. ಅವರು ಆವತ್ತು ನಿಧಾನ ಮಾಡಿದ್ದರೆ ಅವರನ್ನು ಸಮಾಧಾನ ಮಾಡಿ ಮನೆಗೆ ಕಳಿಸುತ್ತಿದ್ದರು.

ನಮ್ಮ ದೇಶದಲ್ಲಿ 2014ರ ಫೆಬ್ರವರಿಯಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಮಸೂದೆ ರಾಜ್ಯಸಭೆಗೆ ಬಂದಾಗ ನಾವು ಎರಡು ಹೋಳಾದೆವು. ಬಂದಷ್ಟು ಬರಲಿ, ಆಮೇಲೆ ತಿದ್ದಿಸೋಣ ಅಂತ ಒಂದು ಪಂಗಡ. ಇಷ್ಟು ನೀರು ಬೆರೆಸಿದ್ದು ಬೇಡವೇ ಬೇಡ ಅಂತ ಇನ್ನೊಂದು. ನಾನು ಮೊದಲನೆಯದರಲ್ಲಿದ್ದೆ. ಹತ್ತು ವರ್ಷದ ಗೆಳೆಯನ ಜೊತೆ ಮಾತು ಬಿಟ್ಟೆ. ಕಾನೂನು ಬಂದದ್ದು 2016ರ ಡಿಸೆಂಬರ್‌ನಲ್ಲಿ. ಗೆಳೆಯ ವಾಪಸ್ ಬರಲಿಲ್ಲ.

ಮಗನ_ಅಮ್ಮ_ಹಾಸನ:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಬೈದರೂ ಪರವಾಗಿಲ್ಲ.

ನನ್ನ ಮಗನಿಗೆ 19. ಆಟಿಸಂ. ಮಾತಿಲ್ಲ. ಸ್ನಾನ, ಊಟ ಎಲ್ಲ ನಾನೇ ಮಾಡಿಸಬೇಕು. ಕೆಲವು ದಿನ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ, ದಿಂಬು ಅಡ್ಡ ಹಿಡಿದು ನಿಲ್ಲಬೇಕು, ಅವನು ಈಗ ನನಗಿಂತ ಎತ್ತರ. ನೀವು ಓದುತ್ತೀರಿ, ಬರೆಯುತ್ತೀರಿ, ಇಂಗ್ಲೆಂಡಿನ ಚರಿತ್ರೆ ಹೇಳುತ್ತೀರಿ. ಸಂತೋಷ. ಆದರೆ "ಆಟಿಸ್ಟಿಕ್ ಜನರ ಮಾತು ನಾವೇ ಆಡುತ್ತೇವೆ, ಅಪ್ಪ ಅಮ್ಮ ಪಕ್ಕಕ್ಕೆ ಸರಿಯಿರಿ" ಅಂತ ನಿಮ್ಮವರು ಹೇಳುವಾಗ ನನ್ನ ಮಗನ ಮಾತು ಆಡೋರು ಯಾರು? ಅಂಗವಿಕಲರಿಗಾಗಿ ಬಂದ 1995ರ ಕಾನೂನಿನಲ್ಲಿ ಆಟಿಸಂ ಅನ್ನೋ ಹೆಸರೇ ಇರಲಿಲ್ಲ. 1999ರಲ್ಲಿ ಆಟಿಸಂ ಇರುವವರನ್ನೂ ಸೇರಿಸಿಕೊಂಡ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು, ಅದರ ಹಿಂದೆ ಅಪ್ಪ ಅಮ್ಮಂದಿರ ಓಡಾಟ ಇತ್ತು. 2021ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ "ಪ್ರೊಫೌಂಡ್ ಆಟಿಸಂ" ಅಂತ ಒಂದು ಹೆಸರು ಕೊಟ್ಟಿತು, ನನ್ನ ಮಗನಂಥವರಿಗೆ. ನನಗೆ ಆ ಹೆಸರು ಬೇಕು. ಇಲ್ಲದಿದ್ದರೆ ಅವನು ನಿಮ್ಮ ಹಿಂದೆ ಮರೆಯಾಗಿ ಹೋಗುತ್ತಾನೆ.

ನಿಧಾನವಾಗಿ_ಓದುವವಳು:

ಅಮ್ಮ, ನಿಮಗೆ ನಾಳೆ ಉತ್ತರ ಬರೆಯುತ್ತೇನೆ. ಓದಿದೆ. ಸುಮ್ಮನಿದ್ದೇನೆ ಅಂದುಕೊಳ್ಳಬೇಡಿ.

ಹೊಸಬ_24:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನಗೆ ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲ. ಆಟಿಸಂಗೆ ಸರ್ಕಾರಿ ಅಳತೆ ಅಂದರೆ ಐಸಾ (ISAA), 40 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. 70ಕ್ಕಿಂತ ಕಮ್ಮಿ ಬಂದರೆ ಆಟಿಸಂ ಅಲ್ಲ. ನನಗೆ 66 ಬಂತು. ಪರೀಕ್ಷೆಯ ದಿನ ನಾನು ಕಲಿತುಕೊಂಡ ಹಾಗೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದೆ, ಮನೆಗೆ ಬಂದು ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಒಂದು ಗುಂಪಿನಲ್ಲಿ "ಕಾರ್ಡ್ ತೋರಿಸು" ಅಂದರು. ನನ್ನಂಥವರು ಬಂದರೆ ನಿಜವಾಗಿ ಕಷ್ಟ ಇರುವವರ ಪಾಲು ಹೋಗುತ್ತೆ ಅಂತ. ನನಗೆ ಯಾರ ಪಾಲೂ ಬೇಡ. ಸುಮ್ನೆ ಕೂತು ಕೇಳಬೇಕು ಅಷ್ಟೆ.

ಗಾಲಿಕುರ್ಚಿ_ಧಾರವಾಡ:

ತಮ್ಮಾ, ಪಾಲಿನ ಮಾತು ಎಲ್ಲಿಂದ ಬರುತ್ತೆ ಅಂತ ಹೇಳುತ್ತೇನೆ ಕೇಳು. 2016ರ ಕಾನೂನಿನಲ್ಲಿ ಸರ್ಕಾರಿ ಕೆಲಸಕ್ಕೆ ಮೀಸಲಾತಿ ಕನಿಷ್ಠ 4%. ದೃಷ್ಟಿ ದೋಷಕ್ಕೆ 1, ಕಿವಿಗೆ 1, ನಮ್ಮಂಥ ಚಲನೆಯ ತೊಂದರೆಗೆ 1. ಉಳಿದ 1ರಲ್ಲಿ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹು ಅಂಗವೈಕಲ್ಯ ಎಲ್ಲ ಸೇರಬೇಕು. ಚಿಕ್ಕ ತಟ್ಟೆ ಇಟ್ಟು ಐದು ಜನರನ್ನು ಕೂರಿಸಿದ್ದಾರೆ. ತಟ್ಟೆ ಯಾಕೆ ಇಷ್ಟು ಚಿಕ್ಕದು ಅಂತ ಬಡಿಸಿದವರನ್ನು ಕೇಳಬೇಕು. ಅದು ಬಿಟ್ಟು ನಾವು ಪಕ್ಕದವರ ಕೈ ತಡೆಯುತ್ತಿದ್ದೇವೆ. ನೀನು ಬಾ, ಕೂತುಕೋ. ಕಾರ್ಡ್ ಕೇಳಿದವರಿಗೆ ನನ್ನ ನಂಬರ್ ಕೊಡು.

ನಿಧಾನವಾಗಿ_ಓದುವವಳು:

ಹಾಸನದ ಅಮ್ಮನಿಗೆ.

ನೀವು ಹೇಳಿದ್ದರಲ್ಲಿ ಎರಡು ಮಾತು ಇದೆ. ನಿಮ್ಮ ಮಗನನ್ನು ನಾವು ಮರೆತಿದ್ದೇವೆ ಅನ್ನೋದು ಒಂದು. ಅದನ್ನು ಒಪ್ಪುತ್ತೇನೆ. ನಾವು ಮಾತು ಬಲ್ಲವರು ಸಭೆ ಮಾಡಿದರೆ ಮಾತು ಬಲ್ಲವರ ಕಷ್ಟವೇ ಪಟ್ಟಿಗೆ ಬರುತ್ತೆ. ಕೆಲಸ, ಇಂಟರ್‌ವ್ಯೂ, ಆಫೀಸಿನ ಬೆಳಕು. ಡೈಪರ್ ವಿಷಯ ಬರಲ್ಲ. ರಾತ್ರಿ ನಿದ್ದೆ ಇಲ್ಲದ ಮನೆಯ ವಿಷಯ ಬರಲ್ಲ.

ಹೆಸರಿನದು ಇನ್ನೊಂದು. ಅದನ್ನು ಒಪ್ಪೋಕೆ ಆಗುತ್ತಿಲ್ಲ. ಎಷ್ಟು ನೆರವು ಬೇಕು ಅಂತ ಬರೆಯಲಿ, ದಿನಕ್ಕೆ ಇಷ್ಟು ಗಂಟೆ, ಇಂಥ ಕೆಲಸಕ್ಕೆ ಅಂತ. ಬೇರೆ ಹೆಸರಿನ ಡಬ್ಬಿಗೆ ಹಾಕಿದರೆ ಅವನಿಗೆ ಏನೂ ತಿಳಿಯಲ್ಲ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ ಅನ್ನೋ ಹೆದರಿಕೆ ನನಗೆ. ಮೆಲ್ ಬ್ಯಾಗ್ಸ್ ಅಂತ ಒಬ್ಬರು ಅಮೆರಿಕದಲ್ಲಿದ್ದರು. ಬಾಯಿಂದ ಮಾತಾಡುತ್ತಿರಲಿಲ್ಲ, ಟೈಪ್ ಮಾಡುತ್ತಿದ್ದರು. 2007ರಲ್ಲಿ ಒಂದು ವಿಡಿಯೋ ಹಾಕಿದರು. ಅದರಲ್ಲಿ ನಲ್ಲಿಯ ನೀರಿನ ಕೆಳಗೆ ಬೆರಳು ಆಡಿಸುತ್ತಾರೆ, ರಾಗದ ಥರ ಗುನುಗುತ್ತಾರೆ. ಆಮೇಲೆ ಕಂಪ್ಯೂಟರ್ ದನಿಯಲ್ಲಿ, ಇದು ನನ್ನ ಭಾಷೆ, ಸುತ್ತಲಿನ ಎಲ್ಲದರ ಜೊತೆ ನಾನು ಮಾತಾಡುತ್ತಿದ್ದೇನೆ ಅಂತ ವಿವರಿಸುತ್ತಾರೆ. 2020ರಲ್ಲಿ ತೀರಿಕೊಂಡರು. ಹೀಗೆ ಬರೆಯಬಲ್ಲವರಿಗೆ ನಿಜವಾದ ಆಟಿಸಂ ಇಲ್ಲ ಅಂತ ಅವರಿಗೂ ಹೇಳಿದವರಿದ್ದರು. ಮಾತು ಬಂದರೆ ನೀನು ನಮ್ಮ ಮಕ್ಕಳ ಥರ ಅಲ್ಲ ಅಂತಾರೆ, ಮಾತು ಬರದಿದ್ದರೆ ನಿನಗೆ ಹೇಳೋಕೆ ಏನೂ ಇಲ್ಲ ಅಂತಾರೆ. ನಾವು ಯಾವಾಗ ಮಾತಾಡಬೇಕು ಅಮ್ಮ?

1993ರಲ್ಲಿ ಟೊರಾಂಟೊದಲ್ಲಿ ಜಿಮ್ ಸಿಂಕ್ಲೇರ್ ಅಪ್ಪ ಅಮ್ಮಂದಿರ ಎದುರು ನಿಂತು, ನಮಗಾಗಿ ಶೋಕ ಮಾಡಬೇಡಿ ಅಂತ ಮಾತಾಡಿದರು. ನೀವು ಕಾಯುತ್ತಿದ್ದ ಮಗು ಹುಟ್ಟಲಿಲ್ಲ ಅಂತ ಅಳುವುದಾದರೆ ಅತ್ತುಬಿಡಿ, ಆದರೆ ನಿಮ್ಮ ಮುಂದೆ ಇರುವ ಈ ಮಗು ನಿಮಗಾಗಿ ಕಾಯುತ್ತಿದೆ ಅನ್ನೋ ಅರ್ಥದಲ್ಲಿ. ಅದು ಅಪ್ಪ ಅಮ್ಮಂದಿರನ್ನು ದೂಡುವ ಮಾತಾಗಿರಲಿಲ್ಲ. ಹತ್ತಿರ ಬನ್ನಿ ಅನ್ನುವ ಮಾತು. ನಾವು ಆಮೇಲೆ ಅದನ್ನು ಕಲ್ಲಿನ ಥರ ಎಸೆಯೋಕೆ ಶುರು ಮಾಡಿದೆವು. ನಾನೂ ಎಸೆದಿದ್ದೇನೆ. ನಮ್ಮವರು ಯಾರಾದರೂ ನಿಮಗೆ ಪಕ್ಕಕ್ಕೆ ಸರಿಯಿರಿ ಅಂದಿದ್ದರೆ ಅವರ ಪರವಾಗಿ ಕ್ಷಮೆ ಕೇಳುತ್ತೇನೆ.

ಮಗನ_ಅಮ್ಮ_ಹಾಸನ:

ನೀನು ಮಾರನೇ ದಿನ ಉತ್ತರ ಕೊಟ್ಟೆಯಲ್ಲ ಮಗಳೇ, ಅದು ನನಗೆ ದೊಡ್ಡದು. ಹೆಸರಿನ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ನೀನು ಹೆದರುವ ವಿಷಯ ಅರ್ಥವಾಯಿತು. ಮೆಲ್ ಅವರ ವಿಡಿಯೋ ಹುಡುಕಿ ನೋಡಿದೆ. ನನ್ನ ಮಗನೂ ನಲ್ಲಿ ಕೆಳಗೆ ಹಾಗೇ ಬೆರಳಾಡಿಸುತ್ತಾನೆ. ನೀರು ಪೋಲಾಗುತ್ತೆ ಅಂತ ದಿನಾ ಬೈದು ನಿಲ್ಲಿಸುತ್ತಿದ್ದೆ. ನಿನ್ನೆ ಒಂದು ಬಕೆಟ್ ಕೆಳಗಿಟ್ಟು ಬಿಟ್ಟುಬಿಟ್ಟೆ. ಮುಕ್ಕಾಲು ಗಂಟೆ ನಿಂತಿದ್ದ.

ನಿಧಾನವಾಗಿ_ಓದುವವಳು:

ಎಲ್ಲರಿಗೂ ಒಂದು ವಿಷಯ. ನಾವು ಐದು ಜನ ಹೊಸದಾಗಿ ತಿಂಗಳಿಗೊಮ್ಮೆ ಸೇರೋಣ ಅಂತಿದ್ದೇವೆ. ಅದೇ ಹಾಲ್, ಬಾಡಿಗೆ ಕಮ್ಮಿ. ಏನು ಮಾತಾಡುತ್ತೇವೆ ಅಂತ ಒಂದು ವಾರ ಮೊದಲೇ ಕಳಿಸುತ್ತೇವೆ, ಟೈಪ್ ಮಾಡಿ, ಜೊತೆಗೆ ಆಡಿಯೋ. ಸಭೆಯ ದಿನ ಏನೂ ತೀರ್ಮಾನ ಆಗಲ್ಲ. ಆಮೇಲೆ ಹತ್ತು ದಿನ ಕಾದು ಮಾಡುವುದು. ವಿನ್ನಿಪೆಗ್ ಥರದ್ದೇನಾದರೂ ಬಂದರೆ ಮಾತ್ರ ಆವತ್ತೇ. ಯಾವುದು ವಿನ್ನಿಪೆಗ್ ಥರ, ಯಾವುದು ಅಲ್ಲ ಅನ್ನೋದಕ್ಕೇ ಒಂದು ಜಗಳ ಆಗುತ್ತೆ ಅಂತ ಗೊತ್ತು. ಧಾರವಾಡದ ಸರ್, ಅದಕ್ಕೆ ನೀವು ಬೇಕು. ಕೈ ಆಡಿಸುವುದು, ಬಿಳಿಕೋಲು ಅಣ್ಣನ ಪಕ್ಕದವರು ಅಂಗೈ ತಟ್ಟಿ ಹೇಳುವುದು. ಹೊಸಬ_24, ಕಾರ್ಡ್ ಕೇಳಲ್ಲ. ಅಮ್ಮ, ನೀವು ಮಗನನ್ನು ಕರೆದುಕೊಂಡು ಬನ್ನಿ.

ಮಗನ_ಅಮ್ಮ_ಹಾಸನ:

ಬರುವ ಆಸೆ ಇದೆ. ಆದರೆ ನನ್ನ ಮಗ ಖುಷಿಯಾದರೆ ಚಪ್ಪಾಳೆ ತಟ್ಟುತ್ತಾನೆ. ಜೋರಾಗಿ, ತುಂಬಾ ಹೊತ್ತು. ನಿಲ್ಲಿಸು ಅಂದರೆ ನಿಲ್ಲಿಸಲ್ಲ. ನಿಲ್ಲಿಸೋಕೆ ನನಗೂ ಮನಸ್ಸಿಲ್ಲ.

ನಿಧಾನವಾಗಿ_ಓದುವವಳು:

ಎರಡು ದಿನ ಕೊಡಿ ಅಮ್ಮ.

ನಿಧಾನವಾಗಿ_ಓದುವವಳು:

ಅಮ್ಮ, ಯೋಚನೆ ಮಾಡಿದೆ. ಹಾಲ್‌ಗೆ ಹೋಗಿ ನೋಡಿಯೂ ಬಂದೆ. ಹಿಂದುಗಡೆ ಜಗುಲಿ ಇದೆ, ನಡುವೆ ಕಿಟಕಿ. ನಾನು ಕಿಟಕಿಯ ಆಚೆ ಜಗುಲಿಯಲ್ಲಿ ಕೂರುತ್ತೇನೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಹೊಸಬ_24 ನನ್ನ ಪಕ್ಕ ಕೂತು, ಒಳಗೆ ಏನು ಮಾತಾಡಿದರು ಅಂತ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತಾನಂತೆ, ಅವನನ್ನು ಕೇಳಿದೆ, ಒಪ್ಪಿದ. ನಿಮ್ಮ ಮಗ ಒಳಗೆ ಇರಲಿ, ತಟ್ಟಲಿ. ನಾನು ಹೊರಗೆ ಇದ್ದೇನೆ ಅಂತ ಯಾರೂ ಬೇಜಾರು ಮಾಡಿಕೊಂಡು ಕರೆಯೋಕೆ ಬರಬಾರದು, ಅಷ್ಟೆ ನನ್ನ ಬೇಡಿಕೆ. ಒಂದು ಸಲ ಮಾಡಿ ನೋಡೋಣ. ಆಗದಿದ್ದರೆ ಇನ್ನೊಂದು.

ಮಗನ_ಅಮ್ಮ_ಹಾಸನ:

ಆಯಿತು. ಬಸ್ಸಿನಲ್ಲಿ ಬರುತ್ತೇವೆ, ಬೆಳಗ್ಗೆಯ ಬಸ್ ಖಾಲಿ ಇರುತ್ತೆ. ಅಲ್ಲಿ ಸೀಲಿಂಗ್ ಫ್ಯಾನ್ ಇದೆಯಾ? ಅವನಿಗೆ ಫ್ಯಾನ್ ತಿರುಗೋದು ನೋಡುತ್ತಾ ಇದ್ದರೆ ಸಮಾಧಾನ.

ನಿಧಾನವಾಗಿ_ಓದುವವಳು:

ನಾಲ್ಕು ಇದೆ. ಅದರಲ್ಲಿ ಬಾಗಿಲ ಹತ್ತಿರದ್ದು ಟಿಕ್ ಟಿಕ್ ಅನ್ನುತ್ತೆ. ಅವನಿಗೆ ಅದರ ಕೆಳಗೇ ಕುರ್ಚಿ ಹಾಕಿಸುತ್ತೇನೆ.